ಕಪ್ಪಡರಿದ ಸಾಕೆಟ್ಟು

ಇಸ್ತ್ರಿಪೆಟ್ಟಿಗೆಯ ಪ್ಲಗ್ಗನ್ನು ಕಿತ್ತಾಗ ಬೆರಳಿಗೆ ಬಿಸಿ ತಾಕುವುದು, ಸಾಕೆಟ್ಟಿನ ರಂಧ್ರದ ಸುತ್ತ ಕಪ್ಪಡರುವುದು, ಚಿಟಚಿಟ ಸದ್ದಾಗುವುದು, ಇವು ಒಳಗಿನ ತಿರುಪು ಸಡಿಲಗೊಂಡಿರುವುದರ ಅಥವಾ ಹಿತ್ತಾಳೆಯ ಹಿಡಿತ ಸೋತಿರುವುದರ ಲಕ್ಷಣಗಳು. ಗೃಹಿಣಿಯರು ಅಂಥ ಸಾಕೆಟ್ಟಿನ ಬಳಕೆಯನ್ನು ಅಂದೇ ನಿಲ್ಲಿಸತಕ್ಕದ್ದು.

ಬದಲಿಸುವ ಕೆಲಸ ಸಣ್ಣದು. ವಿದ್ಯುತ್ತು ನಿಜವಾಗಿ ನಿಂತಿದೆಯೆಂದು ಖಚಿತಪಡಿಸಿಕೊಳ್ಳುವುದೇ ದೊಡ್ಡದು. ಪಕ್ಕದ ಸ್ವಿಚ್ಚನ್ನು ಆರಿಸಿದರಾಯಿತೆಂಬುದು ಅನೇಕರ ಎಣಿಕೆ. ಅದು ಒಂದು ತಂತಿಯನ್ನಷ್ಟೇ ಕಡಿಯುತ್ತದೆ. ಹಳೆಯ ಮನೆಗಳಲ್ಲಿ ಫೇಸಿಗೆ ಬದಲಾಗಿ ನ್ಯೂಟ್ರಲ್ ತಂತಿಗೆ ಸ್ವಿಚ್ಚು ಕೂರಿಸಿರುವುದೂ ಉಂಟು. ಆದ್ದರಿಂದ ಮೇನ್ ಸ್ವಿಚ್ಚನ್ನೇ ಆರಿಸಬೇಕು. ನಮ್ಮ ನೆಲಮಂಗಲದ ಎಷ್ಟೋ ಮನೆಗಳಲ್ಲಿ ಅದೂ ಸಾಲದು. ಕರೆಂಟು ಹೋದಾಗಲೆಂದು ಇರಿಸಿಕೊಂಡ ಯುಪಿಎಸ್, ಮೇನ್ ಆರಿದೊಡನೆ ತಾನಾಗಿಯೇ ಎಚ್ಚೆತ್ತು, ಬ್ಯಾಟರಿಯಿಂದ ಸುಮಾರು 230 ವೋಲ್ಟನ್ನೇ ತನ್ನ ಪಾಯಿಂಟುಗಳಿಗೆ ಹರಿಸುತ್ತದೆ. ಅದನ್ನೂ ಆರಿಸಿ, ಟೆಸ್ಟರನ್ನು ಮೊದಲೇ ಕರೆಂಟಿರುವ ಕಡೆ ಪರೀಕ್ಷಿಸಿಟ್ಟುಕೊಂಡು, ಬಳಿಕ ಸಾಕೆಟ್ಟಿನ ಎಲ್ಲ ರಂಧ್ರಗಳಲ್ಲಿಯೂ ನೋಡಬೇಕು. ಬೋರ್ಡು ಬಿಚ್ಚಿದ ಮೇಲೆ ತಂತಿಗಳನ್ನು ಮತ್ತೊಮ್ಮೆ ನೋಡುವುದು ಹೆದರಿಕೆಯಲ್ಲ, ವಿವೇಕ.

ಯಾವ ತಂತಿ ಎಲ್ಲಿತ್ತೆಂದು ಬರೆದಿಟ್ಟುಕೊಳ್ಳಿರಿ. ಸಾಕೆಟ್ಟಿಗೆ ಎದುರಾಗಿ ನಿಂತರೆ ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್, ಮೇಲಿನ ದಪ್ಪ ರಂಧ್ರ ಅರ್ತ್. ಕೆಂಪು, ಕಪ್ಪು, ಹಸಿರು ಬಣ್ಣಗಳನ್ನು ಹಳೆಯ ಮನೆಯಲ್ಲಿ ಕಣ್ಣುಮುಚ್ಚಿ ನಂಬಲಾಗದು. ಸುಟ್ಟ ತುದಿಯನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ, ತಿರುಪನ್ನು ಬಿಗಿಮಾಡಿ, ತಂತಿಯನ್ನು ಮೆಲ್ಲನೆ ಎಳೆದು ನೋಡಬೇಕು. 6 ಆಂಪಿಯರಿನ ಜಾಗದಲ್ಲಿ 16 ಆಂಪಿಯರಿನದನ್ನು ಕೂರಿಸಿದ ಮಾತ್ರಕ್ಕೆ ಗೋಡೆಯೊಳಗಿನ ತೆಳುತಂತಿ ಗೀಸರಿನ ಭಾರ ಹೊರುವುದಿಲ್ಲ.

ಬೋರ್ಡು ಬಿಚ್ಚಿದಾಗ ಎರಡೇ ತಂತಿ ಕಂಡರೆ ಅಲ್ಲಿಗೇ ನಿಲ್ಲಿಸಿರಿ. ಕೆಲವರು ನ್ಯೂಟ್ರಲ್ಲಿನಿಂದ ಒಂದು ತುಂಡು ಎಳೆದು ಅರ್ತಿಗೆ ಸೇರಿಸಿಬಿಡುತ್ತಾರೆ. ಮುಂದೆಂದೋ ನ್ಯೂಟ್ರಲ್ ಕಡಿದ ದಿನ ವಾಷಿಂಗ್ ಮೆಷಿನ್ನಿನ ಮೈಗೆಲ್ಲ ಕರೆಂಟು ಬರುತ್ತದೆ. ಒದ್ದೆ ನೆಲದ ಮೇಲೆ ನಿಂತು ಅದನ್ನು ಮುಟ್ಟುವವರು ಮನೆಯ ಹೆಂಗಸರು, ಮಕ್ಕಳು. ಹೊಸ ಅರ್ತ್ ತಂತಿ ಎಳೆಯುವುದು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನನ ಕೆಲಸ. ಅವನು ಬಂದಾಗಲೇ 30 ಮಿಲಿ ಆಂಪಿಯರಿನ ಆರ್‌ಸಿಸಿಬಿಯನ್ನೂ ಹಾಕಿಸಿಕೊಂಡರೆ ಲೇಸು. ಹಿತ್ತಿಲಲ್ಲಿ ಇದ್ದಿಲು, ಉಪ್ಪು ತುಂಬಿದ ಅರ್ತ್ ಗುಂಡಿಯಿದ್ದರೆ ಬೇಸಿಗೆಯಲ್ಲಿ ಅದಕ್ಕೆ ನೀರುಣಿಸುವುದನ್ನು ಮರೆಯಬಾರದು.

ಎಲ್ಲವನ್ನೂ ಮುಚ್ಚಿ ಮೇನ್ ಹಾಕಿದಾಗ ಟೆಸ್ಟರು ಬಲರಂಧ್ರದಲ್ಲಿ ಮಾತ್ರ ಉರಿಯಬೇಕು. ಹತ್ತು ನಿಮಿಷ ಇಸ್ತ್ರಿ ಮಾಡಿ ಪ್ಲಗ್ಗನ್ನು ಮುಟ್ಟಿ ನೋಡಿರಿ; ಮತ್ತೆ ಬಿಸಿಯಾಗಿದ್ದರೆ ದೋಷ ಇನ್ನೂ ಉಳಿದಿದೆ. ಮೀಟರಿನಲ್ಲಾಗಲಿ ಅದರಾಚೆಯ ತಂತಿಯಲ್ಲಾಗಲಿ ದೋಷ ಕಂಡರೆ ಕೈಹಾಕದೆ ಬೆಸ್ಕಾಂನ 1912ಕ್ಕೆ ತಿಳಿಸಿರಿ.