ಮೇಜಿನ ಆಚೆ ಬದಿಗೆ ಕುಳಿತ ನಮ್ಮ ಮಗಳು



ಹಾನಗಲ್ ಭಾಗದ ನಮ್ಮ ಸದಸ್ಯರೊಬ್ಬರ ಮಗಳು ಬಿ.ಕಾಂ. ಓದುತ್ತಿದ್ದಾಳೆ. ಕಳೆದ ಬೇಸಿಗೆಯಲ್ಲಿ ಬ್ಯಾಂಕ್ ಶಾಖೆಯೊಂದರಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್, ಅಂದರೆ ಕೆಲಸದ ತರಬೇತಿ, ಮುಗಿಸಿ ಬಂದಳು. ಮೊದಲ ಹದಿನೈದು ದಿನ ಝೆರಾಕ್ಸ್ ತೆಗೆಯುವುದು, ಪಾಸ್‌ಬುಕ್ ಛಾಪಿಸಿ ಕೊಡುವುದು ಇಷ್ಟೇ ಆಯಿತಂತೆ. ಆಮೇಲೆ ಕೃಷಿ ಸಾಲದ ಮೇಜಿನ ಬಳಿ ಕೂರಿಸಿದರು. ನಮ್ಮ ಕಚೇರಿಗೆ ಬಂದಾಗ ಆಕೆ ಯಾರ ಖಾತೆಯ ಗುಟ್ಟನ್ನೂ ಆಡಲಿಲ್ಲ. ಅದು ಆಕೆ ಅಲ್ಲಿ ಕಲಿತ ಮೊದಲ ಪಾಠ. ಒಂದು ಮಾತನ್ನು ಮಾತ್ರ ಹೇಳಿದಳು: "ಕಾಕಾರ, ಸಾಹೇಬ್ರು ಬ್ಯಾಡ ಅನ್ನೂದಿಲ್ರಿ, ನಮ್ಮ ಕಾಗದಪತ್ರನ ಬ್ಯಾಡ ಅಂತಾವ."

ಈ ಮಾತು ನಮ್ಮನ್ನು ಚುಚ್ಚಿತು, ಏಕೆಂದರೆ ಅದು ನಿಜ. ತೋಟಕ್ಕೆ ಇಪ್ಪತ್ತು ವರ್ಷ ನೀರುಣಿಸಿದವನು ಮೊಮ್ಮಗ. ಉತಾರದಲ್ಲಿರುವ ಹೆಸರು ತೀರಿಹೋದ ಅಜ್ಜನದು. ಹೊಲದಲ್ಲಿ ನಿಂತಿರುವುದು ಅಡಿಕೆ; ಬೆಳೆಯ ಕಾಲಮಿನಲ್ಲಿ ಕಾಣುವುದು ಗೋವಿನಜೋಳ. ಸಾಲ ತೀರಿ ವರ್ಷಗಳಾದರೂ ಬೋಜಾ ಇಳಿಸಿಲ್ಲ. ಬೆಳೆ ಸಾಲದ ಮೊತ್ತ ನಿಗದಿಯಾಗುವುದು ಯಾವ ಬೆಳೆ, ಎಷ್ಟು ಎಕರೆ ಎಂಬ ಲೆಕ್ಕದ ಮೇಲೆ. ಅಡಮಾನವಿಲ್ಲದ ಕೃಷಿ ಸಾಲದ ಮಿತಿಯನ್ನು ರಿಸರ್ವ್ ಬ್ಯಾಂಕು 2025ರ ಜನವರಿ 1ರಿಂದ 1.6 ಲಕ್ಷದಿಂದ 2 ಲಕ್ಷ ರೂಪಾಯಿಗೆ ಏರಿಸಿತು. ಕಾಗದ ಸರಿಯಿಲ್ಲದವನಿಗೆ ಈ ಏರಿಕೆಯಿಂದ ಫಲವೇನು?

ಬಡ್ಡಿಯ ಮಾತೂ ಹಾಗೆಯೇ. ಬ್ಯಾಂಕಿನ 1 ಲಕ್ಷ ರೂಪಾಯಿ ಅಲ್ಪಾವಧಿ ಬೆಳೆ ಸಾಲಕ್ಕೆ ಶೇ. 7ರಂತೆ ವರ್ಷದ ಬಡ್ಡಿ 7,000 ರೂಪಾಯಿ. ವಾಯಿದೆಯೊಳಗೆ ಕಟ್ಟಿದವರಿಗೆ ಶೇ. 3ರ ರಿಯಾಯಿತಿ, ಅಂದರೆ 3,000 ರೂಪಾಯಿ ಉಳಿತಾಯ. ವಾಯಿದೆ ಮೀರಿದರೆ ಅದು ಹೋಯಿತು. ಹಣವಿಲ್ಲದೆ ಅಲ್ಲ, ತಾರೀಖು ಮರೆತು ಇದನ್ನು ಕಳೆದುಕೊಂಡವರು ನಮ್ಮಲ್ಲಿದ್ದಾರೆ.

ಹಾಗೆಂದು ಬ್ಯಾಂಕಿನ ಕಡೆ ಕೊರತೆಯೇ ಇಲ್ಲವೆನ್ನುವವರು ನಾವಲ್ಲ. ಹೊರ ರಾಜ್ಯದಿಂದ ವರ್ಗವಾಗಿ ಬಂದ ಅಧಿಕಾರಿಯೊಬ್ಬರು, ಮೂರು ವರ್ಷದ ಅಡಿಕೆ ತೋಟದಿಂದ ಆದಾಯವೇಕಿಲ್ಲ ಎಂದು ಕೇಳಿದರಂತೆ. ಸಸಿ ಫಲಕ್ಕೆ ಬರಲು ಐದಾರು ವರ್ಷ ಕಾಯಬೇಕೆಂದು ತಿಳಿಸಿ ಹೇಳಿದವಳು ಈ ಹುಡುಗಿಯೇ. ಕಾಫಿ ಬೆಳೆಯುವ ನಮ್ಮ ಬಾಂಧವರಿಗೂ ಈ ಕಾಯುವಿಕೆ ಹೊಸದಲ್ಲ. ಧಾರವಾಡದಲ್ಲಿ ಕೇಂದ್ರ ಕಚೇರಿಯಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಂದು ವಿಲೀನಗೊಂಡು, ಈಗಿನ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಕೇಂದ್ರ ಕಚೇರಿ ಬಳ್ಳಾರಿಯಲ್ಲಿದೆ. ಬ್ಯಾಂಕುಗಳು ದೊಡ್ಡವಾದಷ್ಟೂ ನಮ್ಮ ಮಣ್ಣನ್ನು ಬಲ್ಲವರು ಮೇಜಿನ ಆಚೆ ಬದಿಗೆ ಇರುವುದು ಅಗತ್ಯ. ಆ ಕೆಲಸಕ್ಕೆ ನಮ್ಮ ಮಕ್ಕಳಿಗಿಂತ ತಕ್ಕವರು ಯಾರು?

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಬ್ಯಾಂಕಿಗೆ ಹೋಗುವ ಮೊದಲು ಆಕೆಯ ತಂದೆ ನಮ್ಮ ಸಂಘದಲ್ಲೇ ತರಬೇತಿ ಕೊಡುವಿರಾ ಎಂದು ಕೇಳಿದ್ದರು. "ಲೆಕ್ಕದ ಪುಸ್ತಕ ಹುಡುಗರ ಕೈಗೆ ಕೊಡುವುದೇ?" ಎಂದು ತಳ್ಳಿಹಾಕಿದವರು ನಾವೇ. ರೈತರ ಹಣದ ವ್ಯವಹಾರವನ್ನು ರೈತರೇ ನಡೆಸಬೇಕೆಂಬ ವಿಚಾರ ಈ ಸೀಮೆಗೆ ಹೊಸದಲ್ಲ. 1905ರಲ್ಲೇ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಹಕಾರ ಸಂಘ ಹುಟ್ಟಿತು. ಆ ಪರಂಪರೆಯವರು ನಮ್ಮ ಮಕ್ಕಳಿಗೆ ಬಾಗಿಲು ಹಾಕಿದೆವು.

ಆದ್ದರಿಂದ ಒಂದು ಸಲಹೆಯನ್ನು ವಾರ್ಷಿಕ ಸಭೆಯ ಮುಂದಿಡಲಿದ್ದೇವೆ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳಿಂದ ಒಬ್ಬೊಬ್ಬ ಸದಸ್ಯರ ಮಗನನ್ನೋ ಮಗಳನ್ನೋ ಬರುವ ಬೇಸಿಗೆಯಲ್ಲಿ ಆರು ವಾರ ಸಂಘದಲ್ಲಿ ತರಬೇತಿಗೆ ತೆಗೆದುಕೊಳ್ಳೋಣ. ಬಿಟ್ಟಿ ದುಡಿಮೆ ಬೇಡ. ಬಸ್ ಖರ್ಚು, ಊಟ, ಅಲ್ಪ ಗೌರವಧನ ಸಂಘ ಕೊಡಲಿ. ಅವರ ಕೆಲಸ ಝೆರಾಕ್ಸ್ ಅಲ್ಲ. ತೋಟಕ್ಕೆ ಹೋಗಿ, ಉತಾರವನ್ನೂ ನಿಂತ ಬೆಳೆಯನ್ನೂ ತಾಳೆ ನೋಡುವುದು. ವಾರಸಾ, ಬೋಜಾಗಳ ಬಾಕಿ ಕೆಲಸ ಪಟ್ಟಿ ಮಾಡುವುದು. ಸಾಲದ ವಾಯಿದೆಯನ್ನು ಪ್ರತಿ ಮನೆಯ ಕ್ಯಾಲೆಂಡರಿನಲ್ಲಿ ಬರೆದು ಬರುವುದು.

ಸಭೆಯವರೆಗೆ ಕಾಯಬೇಕಿಲ್ಲ. ಈ ವಾರವೇ ತಮ್ಮ ಉತಾರ ತೆಗೆಸಿ ಒಮ್ಮೆ ಓದಿರಿ. ಅರ್ಥವಾಗದಿದ್ದರೆ ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿರಿ.

— ಕಾರ್ಯದರ್ಶಿ