ಲಕ್ಷದ್ವೀಪ ದೂರದ ಊರಲ್ಲ

2024ರ ಜನವರಿಯಲ್ಲಿ ಪ್ರಧಾನಿಯವರ ಭೇಟಿಯ ಚಿತ್ರಗಳು ಬಂದದ್ದೇ ತಡ, ಎಲ್ಲರ ಬಾಯಲ್ಲೂ ಲಕ್ಷದ್ವೀಪ. ಅದೇ ಬೇಸಿಗೆಯಲ್ಲಿ ಅಲ್ಲಿನ ಹವಳದ ದಿಬ್ಬಗಳು ಬಿಳಿಚಿಕೊಂಡವು. ಆಗ ನಮ್ಮಲ್ಲಿ ಎಷ್ಟು ಜನ ಬಾಯಿ ಬಿಟ್ಟೆವು?

ಹವಳ ಒಂದು ಜೀವಿ. ಅದರ ಮೈಯೊಳಗಿನ ಸೂಕ್ಷ್ಮ ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಅದಕ್ಕೂ ಕೊಡುತ್ತದೆ, ಬಣ್ಣವನ್ನೂ ಕೊಡುತ್ತದೆ. ಬೇಸಿಗೆಯ ಮಾಮೂಲಿ ಶಾಖಕ್ಕಿಂತ ನೀರು ಒಂದೇ ಒಂದು ಡಿಗ್ರಿ ಏರಿ ಕೆಲವು ವಾರ ಹಾಗೇ ನಿಂತರೆ ಸಾಕು, ಹವಳ ಆ ಪಾಚಿಯನ್ನು ಹೊರದಬ್ಬುತ್ತದೆ. ಆಮೇಲೆ ಹಸಿವು. ಕಡಲು ಬೇಗ ತಣಿದರೆ ಚೇತರಿಸಿಕೊಂಡೀತು, ಇಲ್ಲವಾದರೆ ಸಾವು. ಲಕ್ಷದ್ವೀಪದ ಹವಳ ಬಿಳಿಚಿಕೊಂಡದ್ದು 1998, 2010, 2016, ಮತ್ತೆ 2024ರಲ್ಲಿ. ಚೇತರಿಸಿಕೊಳ್ಳಲು ಪುರುಸೊತ್ತೆಲ್ಲಿದೆ? ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಷನ್‌ನವರು 24 ವರ್ಷ ಅಳೆದು ನೋಡಿದ್ದಾರೆ: 1998ರಲ್ಲಿ ಶೇ 37ರಷ್ಟಿದ್ದ ಜೀವಂತ ಹವಳ 2022ರ ಹೊತ್ತಿಗೆ ಶೇ 19ರ ಆಸುಪಾಸಿಗೆ ಇಳಿದಿತ್ತು. ಅರ್ಧಕ್ಕರ್ಧ ಹೋಯಿತು.

ನಮಗದು ರಜೆಯ ನೋಟ. ಅಲ್ಲಿಯವರಿಗೆ ಕಾಲ ಕೆಳಗಿನ ನೆಲವೇ ಹವಳ. ಮಳೆಗಾಲದ ಅಲೆಯನ್ನು ತಡೆಯುವುದು ಆ ದಿಬ್ಬ, ಬಾವಿಯ ಸಿಹಿನೀರು ನಿಂತಿರುವುದು ಹವಳದ ಮರಳಿನಲ್ಲಿ. ಅವರು ಟ್ಯೂನಾ ಹಿಡಿಯುವ ಪರಿ ನೋಡಿ. ದಿಬ್ಬದೊಳಗಿನ ತಿಳಿಗಡಲಿನಲ್ಲಿ ಹಿಡಿದ ಪುಟ್ಟ ಮೀನುಗಳನ್ನು ಜೀವಂತವಾಗಿಯೇ ದೋಣಿಯ ತೊಟ್ಟಿಯಲ್ಲಿ ಒಯ್ದು ಹೊರಗಡಲಿಗೆ ಎರಚುತ್ತಾರೆ. ಮುಗಿಬೀಳುವ ಟ್ಯೂನಾವನ್ನು ಉದ್ದ ಗಳದ ಗಾಳದಿಂದ ಒಂದೊಂದಾಗಿ ಎತ್ತಿ ದೋಣಿಗೆ ಎಸೆಯುತ್ತಾರೆ. ಟ್ರಾಲ್ ಬಲೆಯ ಮಾತೇ ಇಲ್ಲ. ಆ ಪುಟ್ಟ ಮೀನಿಗೂ ಹವಳವೇ ಆಸರೆ.

ಹೀಗೆ ಬದುಕುವವರ ನೆಲವನ್ನು ಕೆಡಿಸುತ್ತಿರುವ ಶಾಖ ಅವರು ಎಬ್ಬಿಸಿದ್ದಲ್ಲ. ಜಗತ್ತು ಉರಿಸಿದ ಕಲ್ಲಿದ್ದಲು, ಎಣ್ಣೆಯ ಶಾಖ ಅದು. ಅದರಲ್ಲಿ ನಮ್ಮ ರಾಯಚೂರಿನ ಶಕ್ತಿನಗರದ, ಉಡುಪಿಯ ಎಲ್ಲೂರಿನ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಪಾಲೂ ಇದೆ. ಲಕ್ಷದ್ವೀಪದ ಅಮಿನಿ, ಕಡಮತ್ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಇವತ್ತಿಗೂ ಮಂಗಳೂರಿನ ಹಳೆ ಬಂದರಿನಿಂದ ಅಲ್ಲಿಗೆ ತರಕಾರಿ, ಜಲ್ಲಿ, ಸಿಮೆಂಟು ಹೋಗುತ್ತದೆ. ಪಕ್ಕದ ಮನೆಗೆ ಬೆಂಕಿ ಬಿದ್ದಾಗ ‘ನಮ್ಮೊಬ್ಬರಿಂದ ಏನಾದೀತು’ ಎಂದು ಕೈಕಟ್ಟಿ ಕೂರುತ್ತೇವೆಯೆ?

ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆ ಹೋಗುವವರೇ, ಹವಳದ ಮೇಲೆ ಕಾಲಿಡಬೇಡಿ, ಹವಳಕ್ಕೆ ಲಂಗರು ಬಿಡುವ ದೋಣಿ ಹತ್ತಬೇಡಿ. ಚಾವಣಿಗೆ ಸೋಲಾರ್ ಹಾಕಿಸಬಲ್ಲವರು ಈ ವರ್ಷವೇ ಹಾಕಿಸಿ. ಬಟ್ಟೆಚೀಲ ಹಿಡಿದು ಸಂತೆಗೆ ಹೋಗಿ, ಖಂಡಿತ ಹೋಗಿ. ಆದರೆ ಅಷ್ಟಕ್ಕೇ ಋಣ ತೀರಿತೆಂದುಕೊಳ್ಳಬೇಡಿ. ಮತ ಕೇಳಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿ: ಕಲ್ಲಿದ್ದಲು ಸುಡುವುದನ್ನು ಯಾವ ವರ್ಷ ನಿಲ್ಲಿಸುತ್ತೀರಿ? ಉತ್ತರ ಬರುವವರೆಗೆ ಬಿಡಬೇಡಿ.