ಪ್ರೋಗ್ರಾಂ ಇನ್ನೊಂದು ಪ್ರೋಗ್ರಾಮನ್ನು ಕರೆದಾಗ

ಮನೆಯ ಕಂಪ್ಯೂಟರಿನಲ್ಲಿ ಸೊಗಸಾಗಿ ಓಡಿದ ಪ್ರಾಜೆಕ್ಟ್, ಕಾಲೇಜಿನ ಪ್ರಯೋಗಾಲಯದಲ್ಲಿ ಪರೀಕ್ಷಕರ ಎದುರಿಗೇ ನಿಂತುಹೋಗುವುದುಂಟು. ವಿದ್ಯಾರ್ಥಿಯ ಲೆಕ್ಕದಲ್ಲಿ ತಪ್ಪೇನೂ ಇರುವುದಿಲ್ಲ. ಮನೆಯಲ್ಲಿರುವುದು ವಿಂಡೋಸ್, ಪ್ರಯೋಗಾಲಯದಲ್ಲಿರುವುದು ಲಿನಕ್ಸ್. ಇಷ್ಟಕ್ಕೇ ಇಷ್ಟು ರಾದ್ಧಾಂತವೇಕೆ?

ಮದುವೆಮನೆಯ ಅಡುಗೆಭಟ್ಟರು ಕಾಯಿ ತುರಿಯಲು, ತರಕಾರಿ ಹೆಚ್ಚಲು ಬೇರೆಯವರನ್ನು ಕರೆಯುತ್ತಾರೆ. ಹಾಗೆಯೇ ಒಂದು ಪ್ರೋಗ್ರಾಂ ಕೂಡ ವಿಡಿಯೊ ಕುಗ್ಗಿಸುವಂಥ ಕೆಲಸಕ್ಕೆ ಸಿದ್ಧವಿರುವ ಇನ್ನೊಂದು ಪ್ರೋಗ್ರಾಮನ್ನು ಕರೆಯಬಹುದು. ಕರೆಸಿಕೊಂಡದ್ದು ಕೆಲಸ ಮುಗಿಸಿ ಒಂದು ಸಂಖ್ಯೆಯನ್ನು ಹಿಂದಿರುಗಿಸುತ್ತದೆ. ಅದು 0 ಆದರೆ ಕೆಲಸ ಸುಸೂತ್ರ ಎಂಬುದು ರೂಢಿ. ಬೇರೆ ಸಂಖ್ಯೆಯಾದರೆ ಏನೋ ತೊಡಕು ಎಂದರ್ಥ.

ಆದರೆ ಕರೆಯುವ ಕ್ರಮ ಎಲ್ಲೆಡೆ ಒಂದೇ ಅಲ್ಲ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಆರಂಭಿಸಿದ ಯುನಿಕ್ಸ್‌ನ ಜಾಡಿನಲ್ಲೇ ಲಿನಕ್ಸ್ ನಡೆಯುತ್ತದೆ. ಇಲ್ಲಿ ಪ್ರೋಗ್ರಾಂ ಮೊದಲು ‘ಫೋರ್ಕ್’ ಮೂಲಕ ತನ್ನದೇ ಪ್ರತಿಯೊಂದನ್ನು ಮಾಡಿಕೊಳ್ಳುತ್ತದೆ. ಆ ಪ್ರತಿ ‘ಎಕ್ಸೆಕ್’ ಮೂಲಕ ಹೊಸ ಪ್ರೋಗ್ರಾಮಿನ ವೇಷ ತೊಡುತ್ತದೆ. ಕೊಡುವ ಮಾಹಿತಿ ಬಿಡಿಬಿಡಿಯಾಗಿ, ಪಟ್ಟಿಯಂತೆ ತಲುಪುತ್ತದೆ. ವಿಂಡೋಸ್‌ನಲ್ಲಿ ಹಾಗಲ್ಲ. ಎಲ್ಲವೂ ಒಂದೇ ಉದ್ದ ಸಾಲಾಗಿ ಹೋಗುತ್ತದೆ. ಅದನ್ನು ಬಿಡಿಸಿಕೊಳ್ಳುವ ಹೊಣೆ ಕರೆಸಿಕೊಂಡ ಪ್ರೋಗ್ರಾಮಿನದು. ಕಡತದ ಹೆಸರಿನ ನಡುವೆ ಖಾಲಿ ಜಾಗವಿದ್ದು ಉದ್ಧರಣ ಚಿಹ್ನೆ ಹಾಕದಿದ್ದರೆ, ಒಂದು ಹೆಸರು ಎರಡಾಗುತ್ತದೆ!

ಇನ್ನೊಂದು ಸ್ವಾರಸ್ಯ. ಕಡತಗಳ ಪಟ್ಟಿ ಕೊಡುವ ‘ಎಲ್‌ಎಸ್’ ಲಿನಕ್ಸ್‌ನಲ್ಲಿ ಸ್ವತಂತ್ರ ಪ್ರೋಗ್ರಾಂ. ವಿಂಡೋಸ್‌ನ ‘ಡಿಐಆರ್’ ಹಾಗಲ್ಲ. ಅದು ‘ಸಿಎಂಡಿ’ ಎಂಬ ಶೆಲ್‌ನ ಹೊಟ್ಟೆಯೊಳಗೇ ಇದೆ. ಅದನ್ನು ನೇರವಾಗಿ ಕರೆದರೆ ಸಿಗುವುದಿಲ್ಲ.

ಶೆಲ್ ಎಂದರೆ ನಾವು ಬರೆದ ಆಜ್ಞೆಯನ್ನು ಓದಿ, ಅರ್ಥ ಮಾಡಿ, ಕೆಲಸಕ್ಕೆ ಹಚ್ಚುವ ಮಧ್ಯವರ್ತಿ. ಅನುಕೂಲವೇನೋ ಸರಿ, ಅಪಾಯವೂ ಅಲ್ಲೇ ಇದೆ. ಯುನಿಕ್ಸ್ ಶೆಲ್‌ಗೆ ಅರ್ಧವಿರಾಮ ಚಿಹ್ನೆ ಕಂಡರೆ ‘ಒಂದು ಆಜ್ಞೆ ಮುಗಿಯಿತು, ಮುಂದಿನದು ಶುರು’ ಎಂದರ್ಥ. ಯಾರೋ ಕಿಡಿಗೇಡಿ ಕಡತದ ಹೆಸರು ಕೇಳಿದಲ್ಲಿ ಆ ಚಿಹ್ನೆ ಹಾಕಿ, ಮುಂದೆ ಅಳಿಸುವ ಆಜ್ಞೆ ಬರೆದರೆ, ಮಧ್ಯವರ್ತಿ ಅದನ್ನೂ ಶಿರಸಾವಹಿಸಿ ಪಾಲಿಸುತ್ತಾನೆ. ಆದ್ದರಿಂದ ಶೆಲ್‌ನ ಗೊಡವೆಗೆ ಹೋಗದೆ ಪಟ್ಟಿಯ ರೂಪದಲ್ಲೇ ಮಾಹಿತಿ ಕೊಡುವುದು ಕ್ಷೇಮ. ಪೈಥಾನ್ ಭಾಷೆಯಲ್ಲಿ 2004ರಿಂದ ಇರುವ ‘ಸಬ್‌ಪ್ರೊಸೆಸ್’ ಇದಕ್ಕೆ ಅವಕಾಶ ಕೊಡುತ್ತದೆ.

ಬಲ್ಲವರೂ ಇಲ್ಲಿ ಎಡವಿದ್ದಾರೆ. ವಿಂಡೋಸ್‌ನಲ್ಲಿ ‘ಬ್ಯಾಚ್’ ಕಡತವನ್ನು ಕರೆದರೆ, ನಾವು ಬೇಡವೆಂದರೂ ಸಿಎಂಡಿ ನಡುವೆ ಬರುತ್ತದೆ. ಸುರಕ್ಷತೆಗೆ ಹೆಸರಾದ ರಸ್ಟ್ ಭಾಷೆಯಲ್ಲೇ ಈ ದಾರಿಯಲ್ಲೊಂದು ದೋಷವಿರುವುದು 2024ರ ಏಪ್ರಿಲ್‌ನಲ್ಲಿ ಬಹಿರಂಗವಾಯಿತು. ಅದರ ತೀವ್ರತೆಗೆ 10ಕ್ಕೆ 10 ಅಂಕ! 1.77.2 ಆವೃತ್ತಿಯಲ್ಲಿ ಅದನ್ನು ಸರಿಪಡಿಸಲಾಯಿತು. ಲಿನಕ್ಸ್‌ಗೆ ಆ ತೊಂದರೆ ತಟ್ಟಲಿಲ್ಲ.

ವಿದ್ಯಾರ್ಥಿಗಳು ಮೂರು ಅಭ್ಯಾಸ ಬೆಳೆಸಿಕೊಂಡರೆ ಒಳ್ಳೆಯದು: ಹಿಂದಿರುಗಿದ ಸಂಖ್ಯೆಯನ್ನು ನೋಡುವುದು, ಮಾಹಿತಿಯನ್ನು ಪಟ್ಟಿಯಾಗಿ ಕೊಡುವುದು, ಪರೀಕ್ಷೆಗೆ ಮುನ್ನ ಎರಡೂ ಬಗೆಯ ಯಂತ್ರಗಳಲ್ಲಿ ಓಡಿಸಿ ನೋಡುವುದು. ‘ಮನೆಯಲ್ಲಿ ಸರಿಯಾಗಿತ್ತು’ ಎಂದು ಮಕ್ಕಳು ಅಳುಮೋರೆ ಹಾಕಿದರೆ ಪೋಷಕರು ಗದರಬೇಕಾಗಿಲ್ಲ. ಅದು ನಿಜವೇ ಇರಬಹುದು.